ಆಟಗಾರರ ಪಂಚಾಯಿತಿ

ಆಟವಿದ್ದೆಡೆ ಮೋಸವೂ ಇರುವುದು ಹೊಸ ಸಂಗತಿಯೇನಲ್ಲ. ಕಬಡ್ಡಿಯ ಅಂಕಣದಲ್ಲಿ ಉಸಿರು ಬಿಟ್ಟವನನ್ನು ಹತ್ತಿರ ನಿಂತ ಪಂಚನು ಹಿಡಿದುಬಿಡುತ್ತಾನೆ. ಆದರೆ ಲಕ್ಷಾಂತರ ಜನರು ತಂತಮ್ಮ ಮನೆಗಳಲ್ಲಿ ಕುಳಿತು, ಒಬ್ಬರ ಮುಖವನ್ನೊಬ್ಬರು ಕಾಣದೆ, ಅಂತರ್ಜಾಲದ ಮೂಲಕ ಆಡುವ ಬಂದೂಕಿನ ಆಟದಲ್ಲಿ ಪಂಚನು ನಿಲ್ಲುವುದಾದರೂ ಎಲ್ಲಿ?

ಅಮೆರಿಕದ ವಾಲ್ವ್ ಎಂಬ ಸಂಸ್ಥೆಯು 2012ರಲ್ಲಿ ಹೊರತಂದ 'ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್' ಆಟಕ್ಕೆ ಈ ಪ್ರಶ್ನೆ ಬಹು ಬೇಗನೆ ಎದುರಾಯಿತು. ಐವರಿಗೆ ಐವರು ಎದುರಾಗಿ ಹೋರಾಡುವ ಆಟವದು. ಮೋಸಗಾರನ ಬಳಿ ಎರಡು ಮುಖ್ಯ ಅಸ್ತ್ರಗಳಿರುತ್ತವೆ: ಗುರಿಯನ್ನು ತಾನಾಗಿ ಶತ್ರುವಿನತ್ತ ತಿರುಗಿಸುವ ತಂತ್ರಾಂಶವೊಂದು, ಗೋಡೆಯಾಚೆಯವರನ್ನು ಕಾಣಿಸುವ ತಂತ್ರಾಂಶ ಮತ್ತೊಂದು. ಇಂಥವನ್ನು ಪತ್ತೆಮಾಡುವ ಯಾಂತ್ರಿಕ ಕಾವಲು ಇದ್ದಿತಾದರೂ ಹೊಸ ಕಳ್ಳದಾರಿಗಳು ಅದರ ಕಣ್ಣು ತಪ್ಪಿಸುತ್ತಿದ್ದವು. ಆದುದರಿಂದ 2013ರಲ್ಲಿ ಸಂಸ್ಥೆಯು ವಿಚಾರಣೆಯ ಕಾರ್ಯವನ್ನು ಆಟಗಾರರ ಕೈಗೇ ಒಪ್ಪಿಸಿತು. ಆ ಏರ್ಪಾಡಿನ ಹೆಸರು 'ಓವರ್‌ವಾಚ್'.

ದೀರ್ಘಕಾಲ ಆಡಿ, ಗೆಲುವು ಕಂಡು, ದೂರುಗಳಿಗೆ ಹೆಚ್ಚು ಗುರಿಯಾಗದ ಅನುಭವಿಗಳೇ ಪರಿಶೀಲಕರು. ಅವರ ಮುಂದೆ ಆಪಾದಿತನ ಆಟದ ಕೆಲವು ಸುತ್ತುಗಳು ಮರುಪ್ರದರ್ಶನವಾಗುತ್ತಿದ್ದವು. ಅವನ ಹೆಸರು ಅಲ್ಲಿರದು; 'ಶಂಕಿತ' ಎಂದಷ್ಟೇ ಇರುವುದು. ತೀರ್ಪಿಗೆ ಎರಡೇ ದಾರಿ: ಸಾಕ್ಷ್ಯ ಸಾಲದು, ಇಲ್ಲವೇ ಸಂಶಯಾತೀತವಾಗಿ ಸಿದ್ಧ. ಒಬ್ಬನ ಮಾತಿನಿಂದ ಯಾರಿಗೂ ಶಿಕ್ಷೆಯಿಲ್ಲ. ಹಲವರ ತೀರ್ಪು ಕೂಡಿಬರಬೇಕು. ಹಿಂದೆ ಸರಿಯಾಗಿ ನಿರ್ಣಯಿಸಿದವನ ಮಾತಿಗೆ ತೂಕ ಹೆಚ್ಚು. ಉತ್ತರ ಮೊದಲೇ ತಿಳಿದಿದ್ದ ಪ್ರಕರಣಗಳನ್ನು ನಡುನಡುವೆ ಸೇರಿಸಿ ಪರಿಶೀಲಕನನ್ನೇ ಪರೀಕ್ಷಿಸುವುದೂ ಉಂಟಾಗಿತ್ತು. ನ್ಯಾಯಾಧೀಶನಿಗೂ ಪರೀಕ್ಷೆ! ಈ ಏರ್ಪಾಡಿನಲ್ಲಿ ಮೆಚ್ಚತಕ್ಕ ಅಂಶವೆಂದರೆ ಇದೇ.

ಆದರೆ ಆ ಪೀಠ ಸುಲಭದ್ದಲ್ಲ. ಶಂಕಿತನು ಗೋಡೆಯತ್ತ ಬಂದೂಕು ಹಿಡಿದು ನಿಂತಿದ್ದಾನೆ; ಆಚೆಯಿಂದ ಶತ್ರು ಹೊರಬರುವನು; ಗುಂಡು ಹಾರುವುದು. ಗೋಡೆಯಾಚೆ ಕಂಡನೇ? ಹೆಜ್ಜೆಯ ಸಪ್ಪಳ ಕೇಳಿ ಊಹಿಸಿದನೇ? ಇಲ್ಲವೇ ಶತ್ರುವಿರುವ ಜಾಗವನ್ನು ಸಂಗಡಿಗನು ಕೂಗಿ ಹೇಳಿದ್ದನೇ? ಆಟಗಾರರ ಸಂಭಾಷಣೆಯನ್ನು ಆ ಮರುಪ್ರದರ್ಶನದಿಂದ ತೆಗೆದಿರುತ್ತಿದ್ದುದರಿಂದ, ನಿರಪರಾಧಿಯ ಪರವಾದ ಸಾಕ್ಷಿಯೇ ಕೆಲವೊಮ್ಮೆ ಪರಿಶೀಲಕನ ಕಿವಿಗೆ ಬೀಳದೆ ಹೋಗುತ್ತಿತ್ತು. ಒಂದು ಸುತ್ತಿನ ಅದೃಷ್ಟವನ್ನು ಅಪರಾಧವೆಂದು ಬಗೆದರೆ, ವರ್ಷಗಟ್ಟಲೆ ಆಡಿ ಕಲಿತವನ ಖಾತೆಗೆ ಶಾಶ್ವತ ಬಹಿಷ್ಕಾರ ಬೀಳಬಹುದಿತ್ತು. ಎಲ್ಲ ಸುತ್ತುಗಳಲ್ಲಿಯೂ ಅದೇ ಲಕ್ಷಣ ಮರುಕಳಿಸುವುದೇ ಎಂದು ಕಾದು ನೋಡುವ ತಾಳ್ಮೆ ಅಲ್ಲಿ ಬೇಕಾಗಿತ್ತು.

ಸೋತವನ ದೂರಿನ ಬೆಲೆ ಎಷ್ಟೆಂಬುದು 2018ರಲ್ಲಿ ಬೆಳಕಿಗೆ ಬಂದಿತು. ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಆಟ ನಿರ್ಮಾಪಕರ ಸಮ್ಮೇಳನದಲ್ಲಿ ವಾಲ್ವ್‌ನವರು ತಿಳಿಸಿದಂತೆ, ಆಟಗಾರರ ದೂರಿನಿಂದ ಬಂದ ಪ್ರಕರಣಗಳಲ್ಲಿ ದೋಷ ಸಿದ್ಧವಾದುದು ಶೇಕಡಾ 15ರಿಂದ 30 ಮಾತ್ರ. ಎಂದರೆ ಮೋಸಗಾರನೆಂದು ಬೆರಳು ತೋರಿಸಲ್ಪಟ್ಟವರಲ್ಲಿ ಬಹುಪಾಲು ಜನರ ಮೇಲಿನ ಆಪಾದನೆ ನಿಲ್ಲಲಿಲ್ಲ! 'ವ್ಯಾಕ್‌ನೆಟ್' ಎಂಬ ಕಲಿಯುವ ಯಂತ್ರವು ಕಳುಹಿಸಿದ ಪ್ರಕರಣಗಳಲ್ಲಾದರೋ ಅದು ಶೇಕಡಾ 80ರಿಂದ 95. ಯಂತ್ರವನ್ನು ಹೊಗಳುವ ಮುನ್ನ ಒಂದನ್ನು ನೆನೆಯಬೇಕು: ಅದು ಪಾಠ ಕಲಿತದ್ದು ಇದೇ ಪರಿಶೀಲಕರ ತೀರ್ಪುಗಳಿಂದ. ಅದು ಆರಿಸಿ ಕಳುಹಿಸಿದ ಮೇಲೂ ಕಡೆಯ ಮಾತನ್ನಾಡುತ್ತಿದ್ದವರು ಮನುಷ್ಯರೇ.

2023ರ ಸೆಪ್ಟೆಂಬರಿನಲ್ಲಿ 'ಕೌಂಟರ್-ಸ್ಟ್ರೈಕ್ 2' ಬಂದಾಗ ಈ ಪಂಚಾಯಿತಿ ಅದರೊಡನೆ ಬರಲಿಲ್ಲ. ಅಷ್ಟು ವರ್ಷ ತೀರ್ಪು ಕೊಟ್ಟವರಿಗೆ ತಾವು ಯಾರನ್ನು ದಂಡಿಸಿದೆವು, ಯಾರನ್ನು ಉಳಿಸಿದೆವು ಎಂಬುದನ್ನು ಹೇಳುವ ಹೆಸರೊಂದೂ ಆ ತೆರೆಯ ಮೇಲೆ ಮೂಡಿರಲಿಲ್ಲ.