ಗುಮ್ಮಟದ ಊರಿಗೆ ಎರಡು ದಿನ

ಹುಕ್ಕೇರಿ, ಗೋಕಾಕ, ಮೂಡಲಗಿಗಳ ಗೃಹಸ್ಥರಿಗೆ ಗುಮ್ಮಟ ಹೊಸತಲ್ಲ. ಹುಕ್ಕೇರಿಯಲ್ಲಿಯೇ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಆದರೂ ಆ ಅರಸರ ರಾಜಧಾನಿಯಾಗಿದ್ದ ವಿಜಯಪುರವನ್ನು ಎರಡು ದಿನ ಸುತ್ತಿಬರುವ ಆಸೆ ಮನೆಮಂದಿಗೆಲ್ಲ ಉಂಟು. ಖರ್ಚಿನ ಲೆಕ್ಕದಲ್ಲಿ ಮೊದಲು ಬಿಟ್ಟುಹೋಗುತ್ತಿದ್ದುದು ಮುದಿತಾಯಿಯ ಟಿಕೀಟು. “ಯವ್ವಾ, ಈ ವಯಸ್ಸಿನ್ಯಾಗ ನಿನಗ ಯಾಕ ತ್ರಾಸ?” ಎಂಬ ಅಕ್ಕರೆಯೊಳಗೆ ಹಣದ ಚಿಂತೆಯೇ ಅಡಗಿರುತ್ತಿತ್ತು. 2023ರ ಜೂನ್ 11ರಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೀಟಿನ ಹಣವಿಲ್ಲ. ಆ ನೆವ ತೀರಿತು. ರೊಟ್ಟಿ, ಶೇಂಗಾ ಚಟ್ನಿ, ಗೋಕಾಕದ ಕರದಂಟುಗಳ ಗಂಟಿದ್ದರೆ ಊಟದ ಖರ್ಚೂ ಹಗುರ. ಮೊದಲ ದಿನ ಇಬ್ರಾಹಿಂ ರೋಜಾ. ಮರುದಿನ, 1656ರಲ್ಲಿ ಮಡಿದ ಮಹಮ್ಮದ ಆದಿಲಶಾಹನ ಗೋಳಗುಮ್ಮಟ. ಅಲ್ಲಿಯ ಮೆಟ್ಟಿಲುಗಳನ್ನು ಮುದುಕಿ ಏರಲಾರಳು, ನಿಜ. ಆದರೆ ಮೇಲಿನಿಂದ ಮೊಮ್ಮಕ್ಕಳು ಕೂಗಿದ ಕೂಗು ಕೆಳಗೆ ಕುಳಿತವಳಿಗೂ ಮರುದನಿಗೊಂಡು ಕೇಳುತ್ತದೆ.