ಐದು ನಿಮಿಷದ ಓಟಕ್ಕೆ ಐದು ಅಂಕ

175–18, 100–16, 100–20, 109–16, 66–16, 78–40.

2025ರ ಜನವರಿಯಲ್ಲಿ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳಾ ಖೊ ಖೊ ತಂಡ ಆಡಿದ ಆರು ಪಂದ್ಯಗಳ ಅಂಕ ಇವು. ಮೊದಲು ದಕ್ಷಿಣ ಕೊರಿಯಾ, ಆಮೇಲೆ ಇರಾನ್, ಮಲೇಷ್ಯಾ. ಎಂಟರ ಘಟ್ಟದಲ್ಲಿ ಬಾಂಗ್ಲಾದೇಶ, ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ, ಫೈನಲ್‌ನಲ್ಲಿ ನೇಪಾಳ. ಕೂಡಿ ನೋಡಿದೆ. ನಮ್ಮವರದು 628, ಎದುರಾಳಿಗಳೆಲ್ಲರದೂ ಸೇರಿ 126. ಖೊ ಖೊ ಆಟದ ಮೊಟ್ಟಮೊದಲ ವಿಶ್ವಕಪ್ ನಮ್ಮ ಹೆಣ್ಣುಮಕ್ಕಳ ಪಾಲಾಯಿತು. ಫೈನಲ್‌ನ ಶ್ರೇಷ್ಠ ಆಟಗಾರ್ತಿ ಬಿ. ಚೈತ್ರಾ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಚಿಕ್ಕಯ್ಯನಛತ್ರದ ನಮಗೆ ಪಕ್ಕದ ತಾಲ್ಲೂಕಿನ ಮಗಳು.

ಈ ಅಂಕಿಗಳನ್ನು ಬರೆದಿಟ್ಟುಕೊಂಡ ಮೇಲೆ ಒಂದು ಪ್ರಶ್ನೆ ಹಿಂದೆ ಬಿದ್ದಿದೆ. ಇವು ನಿಜವಾಗಿ ಅಳೆಯುತ್ತಿರುವುದು ಏನನ್ನು?

✽

ಕೊರಿಯಾದ ಮೇಲೆ 175 ಅಂಕ ಬಂದದ್ದು ಜನವರಿ 14ರಂದು. ಅಂದು ಸಂಕ್ರಾಂತಿ. ನಮ್ಮ ಕಡೆ ಊರೂರಲ್ಲಿ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆಗೆ ಕಿಚ್ಚು ಹಾಯಿಸುವ ಗಡಿಬಿಡಿ. ಮೊದಲ ಪಂದ್ಯದ ಸುದ್ದಿ ಆ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಂತಿರಲಿಲ್ಲ. 19ನೇ ತಾರೀಕು ಭಾನುವಾರ ಫೈನಲ್ ಮುಗಿದ ಮೇಲೆ ಮಾತ್ರ ಎಲ್ಲರ ಬಾಯಲ್ಲೂ ಕುರುಬೂರು.

✽

ದೊಡ್ಡ ಅಂತರದ ಗೆಲುವುಗಳ ಮುಂದೆ ನಾನು ಅನುಮಾನದಿಂದ ನಿಲ್ಲುತ್ತೇನೆ. ಮಹಿಳೆಯರ ವಿಭಾಗದಲ್ಲಿ 19 ತಂಡಗಳಿದ್ದವು. ಪೆರು, ಪೋಲೆಂಡ್, ಕೆನ್ಯಾ, ಜರ್ಮನಿ, ನ್ಯೂಜಿಲೆಂಡ್ ಎಲ್ಲ ಬಂದಿದ್ದವು. ಅವರಲ್ಲಿ ಬಹುಪಾಲು ಹುಡುಗಿಯರು ಈ ಆಟ ಕಲಿತೇ ಸ್ವಲ್ಪ ಕಾಲವಾಗಿದ್ದೀತು. ನಮ್ಮಲ್ಲಿ ಒಂದನೇ ತರಗತಿಗೆ ಸೇರಿದ ಮಗುವಿಗೂ ಸಾಲಾಗಿ ಕೂತು ‘ಖೋ’ ಕೊಡುವುದು ಗೊತ್ತು. ಹಾಗಿರುವಾಗ 175ಕ್ಕೆ 18 ಎಂಬುದರಲ್ಲಿ ನನಗೆ ಕಾಣುವುದು ಎರಡು ದೇಶಗಳ ಶಾಲಾ ಬಯಲುಗಳ ನಡುವಿನ ವ್ಯತ್ಯಾಸ. ಚೈತ್ರಾ ಎಷ್ಟು ಚೆನ್ನಾಗಿ ಆಡುತ್ತಾರೆ ಎಂಬುದು ಅದರಲ್ಲಿ ಸಿಕ್ಕುವುದಿಲ್ಲ.

ನೇಪಾಳದ 40 ಅಂಕ ಮಾತ್ರ ಬೇರೆ ಜಾತಿಯದು. ಮಿಕ್ಕ ಐವರಲ್ಲಿ ಯಾರೂ ಇಪ್ಪತ್ತು ದಾಟಿರಲಿಲ್ಲ. ಎದುರಾಳಿ 40 ಗಳಿಸಿದಾಗಲೇ ಅದು ಪಂದ್ಯವಾದದ್ದು. ಭಾರತದ ಗೆಲುವಿಗೆ ತೂಕ ಬಂದಿರುವುದು ಆ 40ರಿಂದ ಎಂದು ನನ್ನ ನಂಬಿಕೆ.

✽

ಹೋಲಿಸಿ ನೋಡಲು ಫುಟ್‌ಬಾಲ್ ತೆಗೆದುಕೊಂಡೆ. ಭಾರತದ ಮಹಿಳಾ ಫುಟ್‌ಬಾಲ್ ತಂಡದ ದಾಖಲೆ ಓದುತ್ತಾ ಹೋದರೆ ಎದೆ ಒಮ್ಮೆ ಏರುತ್ತದೆ, ಒಮ್ಮೆ ಕುಸಿಯುತ್ತದೆ.

1980ರ ಜನವರಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆದದ್ದು ಕಲ್ಲಿಕೋಟೆಯಲ್ಲಿ. ನಂಜನಗೂಡಿನಿಂದ ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ಹಾದು ಹೋಗುವ ಹೆದ್ದಾರಿಯ ಆ ತುದಿ ಅದು. ಈ ಕಡೆ ಅದೇ ಹೆದ್ದಾರಿ ಮೈಸೂರು ದಾಟಿ ತಿ. ನರಸೀಪುರಕ್ಕೂ ಬರುತ್ತದೆ. ಆತಿಥೇಯ ಭಾರತ ಎರಡು ತಂಡಗಳನ್ನು ಇಳಿಸಿತ್ತು, ಅವುಗಳಲ್ಲಿ ಒಂದು ಫೈನಲ್ ತಲುಪಿ ಎರಡನೇ ಸ್ಥಾನ ಪಡೆಯಿತು. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೊಮ್ಮೆ ಫೈನಲ್, ಥಾಯ್ಲೆಂಡ್ ಎದುರು ಸೋಲು. ಏಷ್ಯಾದಲ್ಲಿ ಎರಡನೆಯವರು ನಾವು! ಹದಿನೈದು ವರ್ಷ ಕಳೆದು 1998ರ ಏಷ್ಯನ್ ಕ್ರೀಡಾಕೂಟಕ್ಕೆ ಬಂದರೆ ಚೀನಾ ಎದುರು 0–16. ನಮ್ಮವರು ಆಟ ಮರೆತಿರಲಿಲ್ಲ. ಆ ಹೊತ್ತಿಗೆ ಚೀನಾದ ಹೆಣ್ಣುಮಕ್ಕಳು ಒಲಿಂಪಿಕ್ ಬೆಳ್ಳಿ ಗೆದ್ದಾಗಿತ್ತು, ನಮ್ಮವರು ಇದ್ದಲ್ಲೇ ಉಳಿದಿದ್ದರು.

ದಕ್ಷಿಣ ಏಷ್ಯಾದೊಳಗೆ ಕಥೆ ಬೇರೆ. 2010, 2012, 2014, 2016, 2019, ಸತತ ಐದು ಸ್ಯಾಫ್ ಪ್ರಶಸ್ತಿ. ಐದು ಫೈನಲ್‌ಗಳಲ್ಲಿ ನಾಲ್ಕರಲ್ಲಿ ಎದುರಿದ್ದದ್ದು ನೇಪಾಳ. ಪ್ರತಿ ಸಲ ಸೋತು, ಮತ್ತೆ ಬರುತ್ತಿತ್ತು. 2022ರಲ್ಲಿ ಕಠ್ಮಂಡುವಿನ ಸೆಮಿಫೈನಲ್‌ನಲ್ಲಿ ಅದೇ ನೇಪಾಳ 1–0ಯಿಂದ ಭಾರತವನ್ನು ಹೊರದೂಡಿತು. 2024ರಲ್ಲಿ ಅದೇ ಊರು, ಅದೇ ಸೆಮಿಫೈನಲ್, ಈ ಸಲ ಪೆನಾಲ್ಟಿಯಲ್ಲಿ. ಎರಡು ಸಲವೂ ಕಪ್ ಹೊತ್ತೊಯ್ದದ್ದು ಬಾಂಗ್ಲಾದೇಶ.

ಖೊ ಖೊ ಅಂಕಪಟ್ಟಿಯಲ್ಲಿ ನೇಪಾಳದ 40ರ ಕೆಳಗೆ ನಾನು ಗೆರೆ ಎಳೆದಿರುವುದು ಇದಕ್ಕೇ.

✽

2025ರ ಜುಲೈ 5, ಥಾಯ್ಲೆಂಡಿನ ಚಿಯಾಂಗ್ ಮಾಯ್. ಏಷ್ಯನ್ ಕಪ್ ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಭಾರತ 2, ಥಾಯ್ಲೆಂಡ್ 1. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅರ್ಹತಾ ಸುತ್ತು ಆಡಿ ಗೆದ್ದು ಭಾರತದ ಮಹಿಳೆಯರು ಏಷ್ಯನ್ ಕಪ್‌ಗೆ ಹೋದದ್ದು ಅದೇ ಮೊದಲು. ಅದೇ ಸುತ್ತಿನಲ್ಲಿ ಮಂಗೋಲಿಯಾವನ್ನು 13–0ಯಿಂದ ಸೋಲಿಸಿದ್ದರು. ಆ ಹದಿಮೂರನ್ನು ಯಾರು ನೆನೆಯುತ್ತಾರೆ? ಒಂದೇ ಒಂದು ಗೋಲಿನ ಅಂತರದ ಈ ಗೆಲುವನ್ನು ಓದಿದಾಗ ನನಗೆ ಕಣ್ಣೀರು ಬಂತು. 2022ರ ಜನವರಿಯಲ್ಲಿ ನಮ್ಮ ದೇಶದಲ್ಲೇ ಏಷ್ಯನ್ ಕಪ್ ನಡೆದಾಗ, ಇರಾನ್ ಜೊತೆ 0–0 ಮಾಡಿಕೊಂಡ ತಂಡ ಕೋವಿಡ್ ತಗುಲಿ, ಮುಂದಿನ ಪಂದ್ಯಕ್ಕೆ ಬೇಕಾದ ಹದಿಮೂರು ಮಂದಿಯೂ ಇಲ್ಲದೆ ಟೂರ್ನಿಯಿಂದಲೇ ಹೊರಬಿದ್ದಿತ್ತು. ಅದನ್ನು ಬಲ್ಲವರಿಗೆ ಆ 2–1 ಎಷ್ಟು ದೊಡ್ಡದೆಂದು ಗೊತ್ತು.

ಫುಟ್‌ಬಾಲಿನಲ್ಲಿ ಸಣ್ಣ ಅಂಕಿ ದೊಡ್ಡ ಮಾತಾಡುತ್ತದೆ. ಖೊ ಖೊದಲ್ಲಿ ದೊಡ್ಡ ಅಂಕಿಗಳ ರಾಶಿಯ ಅಡಿಯಲ್ಲಿ ಯಾವುದೋ ಸಣ್ಣ ಅಂಕಿ ಹೂತುಹೋಗಿರಬೇಕು. ಅದನ್ನು ಹುಡುಕುತ್ತಿದ್ದೇನೆ.

✽

ಖೊ ಖೊದ ಹಳೆಯ ದಾಖಲೆಗಳ ಜೊತೆ ಈ ವಿಶ್ವಕಪ್ ಅಂಕಿಗಳನ್ನು ಸೇರಿಸಿ ನೋಡಲು ಹೋದರೆ ಅದೂ ಕೂಡುವುದಿಲ್ಲ. ಖೊ ಖೊ ಏಷ್ಯನ್ ಚಾಂಪಿಯನ್‌ಷಿಪ್ 1996ರಲ್ಲಿ ಕೋಲ್ಕತ್ತದಲ್ಲಿ ಶುರುವಾಯಿತು. 2000ದಲ್ಲಿ ಢಾಕಾದಲ್ಲಿ ನಡೆದು, ಮತ್ತೆ ನಡೆದದ್ದು 2016ರಲ್ಲಿ, ಇಂದೋರಿನಲ್ಲಿ. ಹದಿನಾರು ವರ್ಷ! ಒಬ್ಬ ಆಟಗಾರ್ತಿಯ ಇಡೀ ಆಯುಷ್ಯ ಆ ನಡುವೆ ಕಳೆದುಹೋಗುತ್ತದೆ. ಆ ಹದಿನಾರು ವರ್ಷಗಳಲ್ಲಿ ಆಡಿ ಬಿಟ್ಟ ಹೆಣ್ಣುಮಕ್ಕಳಿಗೆ ಏಷ್ಯಾ ಮಟ್ಟದ ಕಣವೇ ಸಿಗಲಿಲ್ಲ. ಅವರಲ್ಲಿ ಎಷ್ಟು ಮಂದಿ ಚೈತ್ರಾರಷ್ಟೇ ಚುರುಕಾಗಿದ್ದರೋ.

2019ರ ಡಿಸೆಂಬರಿನಲ್ಲಿ ನೇಪಾಳದಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ 17–5ರಿಂದ ನೇಪಾಳವನ್ನು ಸೋಲಿಸಿತು. ಐದೇ ವರ್ಷದಲ್ಲಿ ಅದೇ ಎದುರಾಳಿಯ ಮೇಲೆ 78–40. ಬದಲಾದದ್ದು ಲೆಕ್ಕ ಹಾಕುವ ರೀತಿ. ಹಿಂದೆ ಒಬ್ಬರನ್ನು ಔಟ್ ಮಾಡಿದರೆ ಒಂದು ಅಂಕ, ವಿಶ್ವಕಪ್‌ನಲ್ಲಿ ಎರಡು. ಹಿಂದಿನ ಒಂಬತ್ತು ನಿಮಿಷದ ಸರದಿ ಈಗ ಏಳು ನಿಮಿಷ. ಒಂದೇ ಆಟದ ಎರಡು ಫೈನಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಲಾಗುತ್ತಿಲ್ಲ.

✽

ಇಲ್ಲಿನ ಶಾಲೆಯ ಬಯಲಿನಲ್ಲಿ ಸಂಜೆ ಹೈಸ್ಕೂಲು ಹುಡುಗಿಯರು ಆಡುತ್ತಾರೆ. ಸುಣ್ಣದ ಗೆರೆ, ಎರಡು ಕಂಬ, ಸಾಲಾಗಿ ಒಬ್ಬಳು ಈ ಕಡೆಗೆ ಒಬ್ಬಳು ಆ ಕಡೆಗೆ ಮುಖ ಮಾಡಿ ಕೂತ ಎಂಟು ಮಂದಿ. ಬೆನ್ನಟ್ಟುವವಳು ನಡುಗೆರೆ ದಾಟುವಂತಿಲ್ಲ, ಒಂದು ದಿಕ್ಕು ಹಿಡಿದ ಮೇಲೆ ಹಿಂತಿರುಗುವಂತಿಲ್ಲ. ಓಡುವವಳಿಗೆ ಈ ಎರಡು ಕಟ್ಟುಪಾಡೂ ಇಲ್ಲ. ಹಾಗಾಗಿ ಅವಳ ಕೆಲಸ ವೇಗವಾಗಿ ಓಡುವುದಷ್ಟೇ ಅಲ್ಲ, ಬೆನ್ನಟ್ಟುವವಳು ತನ್ನನ್ನು ದಾಟಿ ಮುಂದೆ ಹೋಗುವಂತೆ ಮಾಡುವುದು.

ಎಂಟನೇ ಕ್ಲಾಸಿನ ಒಬ್ಬಳು ತುಂಬ ಹೊತ್ತು ಉಳಿದಳು. ಓಡಿದ್ದು ಬಹಳವಿಲ್ಲ. ಕೂತವರ ನಡುವೆ ನುಸುಳಿ, ನಿಂತು, ಮತ್ತೆ ನುಸುಳಿ. ಔಟಾಗಿ ಬಂದು ನೀರು ಕುಡಿಯುವಾಗ ಕೇಳಿದೆ: “ಏನವ್ವ, ಅಷ್ಟೊತ್ತೂ ಏನು ನೋಡ್ತಿದ್ದೆ?”

“ಭುಜ ನೋಡ್ತೀನಿ ಸಾ. ಮುಖ ಒಂದ್ ಕಡೆ ತೋರ್‌ಸ್ಬುಟ್ಟು ಇನ್ನೊಂದ್ ಕಡೆ ಹೋಯ್ತಾರೆ. ಭುಜ ತಿರುಗ್ತು ಅಂದ್ರೆ ಆ ಕಡೀಕೇ ಹೋಗ್ಬೇಕು, ಇಲ್ದಿದ್ರೆ ಫೌಲು.”

ನಿಯಮದಲ್ಲಿ ಇರುವುದೂ ಅದೇ. ದಿಕ್ಕನ್ನು ತೀರ್ಮಾನಿಸುವುದು ಭುಜದ ರೇಖೆ. ಇಷ್ಟು ಸೂಕ್ಷ್ಮವನ್ನು ಹದಿಮೂರರ ಹುಡುಗಿ ಓಡುತ್ತ ಓಡುತ್ತಲೇ ಓದಿಕೊಳ್ಳುತ್ತಾಳೆ.

✽

ಫೈನಲ್‌ನ ಲೆಕ್ಕವನ್ನು ಸರದಿ ಸರದಿಯಾಗಿ ಬಿಡಿಸಿದೆ. ಮೊದಲ ಸರದಿಯಲ್ಲಿ ಭಾರತ ಬೆನ್ನಟ್ಟಿ 34–0. ಎರಡನೆಯದರಲ್ಲಿ ನೇಪಾಳ ಬೆನ್ನಟ್ಟಿತು, 35–24. ಮೂರನೆಯದರ ಕೊನೆಗೆ 73–24. ನಾಲ್ಕನೆಯದರ ಕೊನೆಗೆ 78–40.

ನಾಲ್ಕನೇ ಸರದಿಯಲ್ಲಿ ಭಾರತಕ್ಕೆ ಸಿಕ್ಕದ್ದು ಬರೀ ಐದು ಅಂಕ. ಆದರೆ ಶ್ರೇಷ್ಠ ಆಟಗಾರ್ತಿಯ ಗೌರವಕ್ಕೆ ಚೈತ್ರಾರನ್ನು ತಂದು ನಿಲ್ಲಿಸಿದ್ದು ಈ ಸರದಿಯೇ. ಓಡುವವರು ಮೂವರು ಮೂವರಾಗಿ ಒಳಗೆ ಬರುತ್ತಾರೆ. ಒಂದು ಬ್ಯಾಚು ಮೂರು ನಿಮಿಷ ಉಳಿದರೆ ಒಂದು ಅಂಕ, ಆಮೇಲೆ ಅರ್ಧ ಅರ್ಧ ನಿಮಿಷಕ್ಕೆ ಒಂದೊಂದು. ಇದಕ್ಕೆ ‘ಡ್ರೀಮ್ ರನ್’ ಎನ್ನುತ್ತಾರೆ. ಚೈತ್ರಾ ಇದ್ದ ಬ್ಯಾಚು ಉಳಿದದ್ದು 5 ನಿಮಿಷ 14 ಸೆಕೆಂಡು. ಮೂರಕ್ಕೆ ಒಂದು, ಮೂರೂವರೆಗೆ ಎರಡು, ನಾಲ್ಕಕ್ಕೆ ಮೂರು, ನಾಲ್ಕೂವರೆಗೆ ನಾಲ್ಕು, ಐದಕ್ಕೆ ಐದು. 73 ಇದ್ದದ್ದು 78 ಆಯಿತು.

ಐದು ನಿಮಿಷ ಇಡೀ ನೇಪಾಳಕ್ಕೆ ಸಿಗದೆ ಓಡಿದ್ದಕ್ಕೆ ಪುಸ್ತಕದಲ್ಲಿ ಬಿದ್ದದ್ದು ಐದು. ಅದೇ ಪುಸ್ತಕದಲ್ಲಿ ಮೂವರನ್ನು ಮುಟ್ಟಿದರೆ ಆರು ಬೀಳುತ್ತದೆ.

ಇನ್ನೊಂದು ರೀತಿಯಲ್ಲಿ ಲೆಕ್ಕ ಹಾಕಿದೆ. ಆ ಸರದಿಯಲ್ಲಿ ನೇಪಾಳ ಗಳಿಸಿದ್ದು 16, ಅಂದರೆ ಎಂಟು ಔಟ್. ಮೂವರು ಚೈತ್ರಾ ಇದ್ದ ಬ್ಯಾಚಿನವರು. ಉಳಿದ ಐವರು ಔಟಾದದ್ದು ಮಿಕ್ಕ 1 ನಿಮಿಷ 46 ಸೆಕೆಂಡಿನಲ್ಲಿ. ಇಪ್ಪತ್ತೊಂದು ಸೆಕೆಂಡಿಗೆ ಒಬ್ಬರು! ಅದೇ ವೇಗ ಏಳು ನಿಮಿಷವೂ ನಡೆದಿದ್ದರೆ ಇಪ್ಪತ್ತು ಔಟ್, ನಲವತ್ತು ಅಂಕ. ನೇಪಾಳ 64ಕ್ಕೆ ಬಂದು ನಿಲ್ಲುತ್ತಿತ್ತು, ನಮ್ಮವರು 73ರಲ್ಲೇ. ಆಗಲೂ ಗೆಲುವು ನಮ್ಮದೇ, ಆದರೆ ಒಂಬತ್ತು ಅಂಕದ, ಉಸಿರು ಬಿಗಿಹಿಡಿಸುವ ಗೆಲುವು. ಮೂವತ್ತೆಂಟರ ಅಂತರಕ್ಕೂ ಒಂಬತ್ತರ ಅಂತರಕ್ಕೂ ನಡುವೆ ನಿಂತದ್ದು ಆ ಮೂವರು ಓಡಿದ ಐದು ನಿಮಿಷ ಹದಿನಾಲ್ಕು ಸೆಕೆಂಡು.

ನಾನು ಹುಡುಕುತ್ತಿದ್ದ ಸಣ್ಣ ಅಂಕಿ ಇದೇ. ಆರು ಪಂದ್ಯಗಳ 628ರಲ್ಲಿ ಇದು ಐದಾಗಿ ಕರಗಿಹೋಗಿದೆ.

✽

ಅಳೆಯುವುದರ ಬಗ್ಗೆಯೇ ಇನ್ನೊಂದು. ವಿಶ್ವಕಪ್ ಮುಗಿದ ಮೇಲೆ ರಾಜ್ಯ ಸರ್ಕಾರ ಚೈತ್ರಾ ಅವರಿಗೂ, ಪುರುಷರ ತಂಡದಲ್ಲಿ ಗೆದ್ದ ಎಂ.ಕೆ. ಗೌತಮ್ ಅವರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಮತ್ತು ಸರ್ಕಾರಿ ನೌಕರಿ ಕೊಡುವುದಾಗಿ ಹೇಳಿತ್ತು. ಇಬ್ಬರೂ ಆ 5 ಲಕ್ಷ ಬೇಡವೆಂದರು. ಅವರು ಮಾಡಿದ್ದು ಸರಿ ಎಂದೇ ನಾನು ತಿಳಿದಿದ್ದೇನೆ. ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ ನಾಯಕಿಯಾಗಿದ್ದ ತಂಡದಲ್ಲಿ, ಅದೇ ಮ್ಯಾಟಿನ ಮೇಲೆ, ಅದೇ ಕಪ್ಪಿಗಾಗಿ ಓಡಿದವರು ಚೈತ್ರಾ. ಕೃಷಿಕರ ಮನೆಯ ಹುಡುಗಿಯೊಬ್ಬಳು ಬಂದ ಹಣವನ್ನು ಬೇಡವೆನ್ನುವುದು ಎಷ್ಟು ಕಷ್ಟದ್ದೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹದಿನೈದು ಮಂದಿಯ ಆ ತಂಡದಲ್ಲಿ ಕರ್ನಾಟಕದವರು ಅವರೊಬ್ಬರೇ.

✽

ಶಾಲೆಯ ಪಿ.ಟಿ. ಮೇಷ್ಟ್ರ ಹತ್ತಿರ ನನ್ನ ಲೆಕ್ಕ ಹಿಡಿದು ಕೂತೆ. ಅವರು ಗಮನವಿಟ್ಟು ನೋಡಿ, ಒಳಗೆ ಹೋಗಿ ಹಳೆಯ ಟೂರ್ನಿಯದೊಂದು ಸ್ಕೋರ್ ಶೀಟು ತಂದರು.

“ನಾವು ಟೈಮ್ ಬರ್ಕೊಂಡೇ ಬರ್ಕೊತೀವಿ ಸಾರ್. ನೋಡಿ, ಓಡೋರು ಒಬ್ಬೊಬ್ರದೂ ಐತೆ.”

ಇತ್ತು. ಪ್ರತಿ ಓಟಗಾರ್ತಿಯ ಸಂಖ್ಯೆ, ಎಷ್ಟನೇ ನಿಮಿಷದಲ್ಲಿ ಔಟು, ಎಷ್ಟು ಹೊತ್ತು ಉಳಿದಳು, ಎಲ್ಲ ಖಾನೆಯಲ್ಲೂ ಪೆನ್ನಿನಲ್ಲಿ ಬರೆದ ಸೆಕೆಂಡುಗಳು. ಅಳತೆ ಇಲ್ಲದೆ ಹೋಗಿದೆ ಎಂದು ನಾನು ಕೊರಗುತ್ತಿದ್ದೆ, ಅದು ತಾಲ್ಲೂಕು ಮಟ್ಟದ ಆಟದಲ್ಲೂ ದಾಖಲಾಗುತ್ತಲೇ ಬಂದಿದೆ. ಪತ್ರಿಕೆಗೆ, ಟಿ.ವಿ.ಗೆ, ದೇಶ ದೇಶಗಳ ಪಟ್ಟಿಗೆ ಹೋಗುವಾಗ ಆ ಖಾನೆಯೊಂದನ್ನು ಬಿಟ್ಟು ಮಿಕ್ಕದ್ದನ್ನು ಕಳಿಸುತ್ತಾರೆ.

“ಯಾಕೆ ಬಿಡ್ತಾರೆ?” ಎಂದೆ.

“ಮುಟ್ಟಿದ್ದು ಕಾಣ್ತದೆ ಸಾರ್. ಸಿಗ್ದೇ ಇದ್ದದ್ನ ಎಲ್ಲಿ ಅಂತ ತೋರ್ಸೋದು?” ಎಂದರು ಮೇಷ್ಟ್ರು. ಆಮೇಲೆ ತಾವೇ ಸ್ವಲ್ಪ ಯೋಚಿಸಿ, “ಫುಟ್‌ಬಾಲಲ್ಲಿ ಗೋಲು ಬಿಡ್ದೇ ಇದ್ರೆ ಸೊನ್ನೆ ಅಂತ ಬರೀತಾರಲ್ಲ. ನಮ್ಗೆ ಆ ಸೊನ್ನೆನೂ ಇಲ್ಲ” ಎಂದು ಸೇರಿಸಿದರು.

ಭಾರತದ ಮಹಿಳಾ ತಂಡದ ಮುಂದಿನ ಅಂತಾರಾಷ್ಟ್ರೀಯ ಪಂದ್ಯ ಯಾವಾಗ ಬಂದರೂ ನನ್ನ ಪುಸ್ತಕದಲ್ಲಿ ಎರಡು ಖಾನೆ ಇರುತ್ತವೆ. ಒಂದರಲ್ಲಿ ಅಂಕ. ಇನ್ನೊಂದರಲ್ಲಿ ಪ್ರತಿ ಬ್ಯಾಚು ಎಷ್ಟು ಹೊತ್ತು ಉಳಿಯಿತು ಎಂಬುದು, ನಮ್ಮದೂ ಎದುರಾಳಿಯದೂ.