ಬೆಳಗಿನ ಜಾವದ ಇಂಟರ್ನೆಟ್ಟು

2006ರಲ್ಲಿ ಶಿವಮೊಗ್ಗದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದಾಗ ಮೋಡೆಮ್ಮಿಗೆ ಜಾಗ ಸಿಕ್ಕಿದ್ದು ಪಡಸಾಲೆಯ ಗೂಡಿನಲ್ಲಿ, ಹಿಂದೆ ಬುಡ್ಡಿದೀಪ ಇಡುತ್ತಿದ್ದ ಕಡೆ. ಸೀಮೆಎಣ್ಣೆಯ ಹಳೇ ವಾಸನೆಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಸೇರಿತು. ಫೋನಿಗೆ ಹಾಕಿದಂಥದ್ದೇ ಕ್ರೋಷಾ ಹೊದಿಕೆಯನ್ನು ಅಮ್ಮ ಇದಕ್ಕೂ ಹಾಕಿದಳು. ಕಾದು ಕಾದು ಅದು ಎರಡು ಸಲ ಆರಿಹೋದ ಮೇಲೆ ತೆಗೆಸಿದೆ.

ತಿಂಗಳಿಗೆ 500 ರೂಪಾಯಿ, ಸೆಕೆಂಡಿಗೆ 256 ಕಿಲೋಬಿಟ್. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2004ರ ಸರಕಾರಿ ನೀತಿಗೆ ಅಷ್ಟು ಸಾಕಿತ್ತು. ನಾನು ಅದನ್ನು ಕಿಲೋಬೈಟ್ ಎಂದೇ ತಿಳಿದು ಆಫೀಸಿನಲ್ಲೆಲ್ಲ ಜಂಬ ಕೊಚ್ಚಿದ್ದೆ. ಎಂಟರಿಂದ ಭಾಗಿಸಬೇಕು ಅಂಕಲ್ ಎಂದು ಹೇಳಿಕೊಟ್ಟವನು ಪಕ್ಕದ ಮನೆಯ ಪಿಯುಸಿ ಹುಡುಗ. ಉಳಿದದ್ದು 32. ಐದು ಎಂಬಿಯ ಹಾಡು ಇಳಿಯಲು ಎರಡೂವರೆ ನಿಮಿಷ, ಅದೂ ಮಧ್ಯಾಹ್ನ. ಸಂಜೆ ಏಳಾಯಿತೆಂದರೆ ಹಾಡು ಹಾಕಿಟ್ಟು, ಊಟ ಮುಗಿಸಿ, ಎಲೆ ಅಡಿಕೆ ಮೆದ್ದು ಬರಬಹುದಿತ್ತು.

ದೂರು ಕೊಟ್ಟರೆ ಲೈನ್‌ಮನ್ ಬಂದು, "ಜಾಯಿಂಟಿಗೆ ನೀರು ಕೂತಿದೆ ಸಾರ್" ಅಂದ. ಮಲೆನಾಡಿನ ಮಳೆ, ನಂಬಿದೆ. ಮಳೆ ನಿಂತರೂ ಸಂಜೆಯ ಕಾಟ ನಿಲ್ಲಲಿಲ್ಲ. ಮತ್ತೆ ಹಿಡಿದು ಕೇಳಿದಾಗ ಅವನು ನಮ್ಮ ಬಚ್ಚಲಿನ ಕಡೆ ಕೈ ತೋರಿದ: "ಹಂಡೆ ಒಂದೇ ಸಾರ್. ಐವತ್ತು ಜನ ಒಟ್ಟಿಗೆ ಚೊಂಬು ಹಿಡ್ಕೊಂಡು ಬಂದ್ರೆ?" ಇಷ್ಟು ಚೆನ್ನಾಗಿ ಯಾವ ಎಂಜಿನಿಯರೂ ನನಗೆ ಹೇಳಿರಲಿಲ್ಲ.

ಭಾನುವಾರ ಸಂಜೆ ನ್ಯೂಜೆರ್ಸಿಯ ಅಕ್ಕ ಸ್ಕೈಪಿನಲ್ಲಿ ಬರುತ್ತಿದ್ದಳು. ಅಲ್ಲಿ ತಿಂಡಿಯ ಹೊತ್ತು. ಒಮ್ಮೆ ಅವಳ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. "ತುತ್ತು ಇಟ್ಕೊಂಡಿದ್ದಾಳೆ, ನುಂಗ್ಲಿ ತಡಿ" ಎಂದು ಅಮ್ಮ ಬಹಳ ಹೊತ್ತು ಕಾದಳು.

ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿದರೂ ಲೆಕ್ಕವಿರಲಿಲ್ಲ. ಅಲಾರಂ ಇಟ್ಟು ಏಳತೊಡಗಿದೆ. ನಿಮಗೆ ನಗು ಬರಬಹುದು. ನನ್ನ ಹೆಂಡತಿಗೆ ಬರಲಿಲ್ಲ. ಅಮ್ಮ ಮಾತ್ರ ಎದ್ದು ಬಂದು, "ನಮ್ಮಪ್ಪನೂ ಇದೇ ಹೊತ್ತಿಗೆ ಏಳ್ತಿದ್ದ, ಗದ್ದೆಗೆ ನೀರು ತಿರುಗಿಸೋಕೆ" ಎಂದು ಕಾಫಿಗೆ ಇಟ್ಟಳು.

ಈಗ ಅದೇ ಗೂಡಿನಲ್ಲಿ ಫೈಬರಿನ ಪೆಟ್ಟಿಗೆ, 100 ಮೆಗಾಬಿಟ್. ಮೊನ್ನೆ ರಾತ್ರಿ ಎಂಟೂವರೆಗೆ ಐಪಿಎಲ್ ಮ್ಯಾಚು ಹತ್ತು ಸೆಕೆಂಡು ನಿಂತಿತು. ಬೌಲರ್ ಕೈ ಎತ್ತಿದಂತೆಯೇ ಇದ್ದ. ಮೊಮ್ಮಗ ರಿಮೋಟನ್ನು ದಿವಾನದ ಮೇಲೆ ಎಸೆದ. ಅಷ್ಟರಲ್ಲಿ ಪಕ್ಕದ ಮನೆಯಿಂದ ಸಿಕ್ಸರಿನ ಕೂಗು ಕೇಳಿಸಿತು.